ಜಂಗಮ, ಒಂದು ನಗ

ತುರ್ಭೆ
೯ ಜೂನ್ ೨೦೨೫

ಪೂಜ್ಯ ಶಂಭಯ್ಯನವರ ಪಾದಗಳಿಗೆ,

ತುರ್ಭೆ ಚಾಳಿನ ಹದಿನಾಲ್ಕನೇ ನಂಬರು ರೂಮಿನಿಂದ, ದಿವಂಗತ ಸೈದಪ್ಪನವರ ಮೊಮ್ಮಗಳೂ, ಟೆಂಪೋ ಗುರುನಾಥನ ಮಗಳೂ, ಠಾಣೆ ಊರಿನ ಕಾಲೇಜಿನಲ್ಲಿ ಕಾನೂನು ಓದುತ್ತಿರುವ ಕಾರಣ ಸದ್ಯಕ್ಕೆ ಯಾವ ಕಾನೂನೂ ತಿಳಿಯದವಳೂ ಆದ ದಾನೇಶ್ವರಿ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂದು ಬರೆದಿದ್ದೇನೆಯೇ ಹೊರತು, ನಮ್ಮ ರೂಮಿನಲ್ಲಿ ಅಷ್ಟು ಉದ್ದ ಮಲಗಲು ಜಾಗವಿಲ್ಲವೆಂಬುದು ತಮಗೆ ಗೊತ್ತು.

ಮೂರು ವರ್ಷವಾಗುತ್ತ ಬಂತು, ತಾವು ಈ ಕಡೆ ಬಂದಿಲ್ಲ. ಅದಕ್ಕೆ ಕಾರಣ ನಾನೇ ಎಂದು ನನಗೆ ಅನುಮಾನವಿದೆ. ಅದನ್ನು ಆಮೇಲೆ ವಿಚಾರಿಸೋಣ. ಈಗಿನ ಅಪರಾಧ ಬೇರೆಯದು. ನಾನು ತಮ್ಮನ್ನು ಸರಕಾರಿ ಕಾಗದದಲ್ಲಿ ನಮ್ಮ ಮನೆಯ ಸಾಮಾನು ಎಂದು ಬರೆದುಬಿಟ್ಟಿದ್ದೇನೆ.

ಚಾಳು ಕೆಡವುತ್ತಾರೆ. ಅಲ್ಲೇ ಏಳು ಮಹಡಿಯ ಕಟ್ಟಡ ಎಬ್ಬಿಸಿ ಮನೆಗೊಂದು ರೂಮು ಕೊಡುತ್ತಾರೆ. ಅದಕ್ಕಾಗಿ ಮೇ ತಿಂಗಳಲ್ಲಿ ಮರಾಠಿ ಫಾರ್ಮು ಹಂಚಿದರು. ಫಾರ್ಮಿನ ಕೊನೆಗೆ ಎರಡು ಖಾನೆ. ಒಂದು ‘ಸ್ಥಾವರ’, ಇನ್ನೊಂದು ‘ಜಂಗಮ’. ಮರಾಠಿ ಕಾಗದಪತ್ರಗಳಲ್ಲಿ ಸ್ಥಾವರ ಎಂದರೆ ಅಲುಗಾಡದ ಆಸ್ತಿ, ಹೊಲ ಮನೆ. ಜಂಗಮ ಎಂದರೆ ಎತ್ತಿಕೊಂಡು ಹೋಗಬಹುದಾದದ್ದು, ಮಂಚ ಕಪಾಟು ಗ್ಯಾಸ್ ಸಿಲಿಂಡರು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ದಾನಮ್ಮಜ್ಜಿಗೆ ಗೊತ್ತಿರಲಿಲ್ಲ. ನಾನು ಗಟ್ಟಿಯಾಗಿ ಓದಿದೆ.

“ಅಜ್ಜಿ, ಸ್ಥಾವರ ಏನೈತಿ?”

“ಏನೂ ಇಲ್ಲವ್ವ.”

“ಜಂಗಮ?”

ಅಜ್ಜಿಯ ಮುಖ ಅರಳಿತು. “ಐತಲ್ಲ! ಐತಿ ಅನಬಾರದು, ಅದಾರ. ಶಂಭಯ್ಯನವರು ನಮ್ಮ ಮನಿ ಜಂಗಮರು. ಬರಿ. ಛಲೋ ಅಕ್ಷರದಾಗ ಬರಿ.”

ಛಲೋ ಅಕ್ಷರದಲ್ಲೇ ಬರೆದೆ: ‘ಜಂಗಮ: ಶ್ರೀ ಶಂಭಯ್ಯ ಹಿರೇಮಠ, ಒಂದು ನಗ, ಜೋಳಿಗೆ ಸಹಿತ, ಸುಸ್ಥಿತಿಯಲ್ಲಿದೆ.’ ಮರಾಠಿಯಲ್ಲಿ ನಗ ಎಂದರೆ ಪೀಸು. ಮಂಚ ಒಂದು ನಗ, ಕುರ್ಚಿ ಎರಡು ನಗ, ಹಾಗೆ. ಆಫೀಸಿನಲ್ಲಿ ಯಾರಾದರೂ ಓದಿ ನಕ್ಕಾರು, ಸರಕಾರಕ್ಕೂ ಒಂದು ದಿನ ಒಳ್ಳೆಯದಾಗಲಿ ಎಂಬ ದೇಶಸೇವೆಯ ಆಸೆ ನನ್ನದು.

ಯಾರೂ ನಗಲಿಲ್ಲ. ಟೈಪು ಮಾಡುವವನು ಗಂಡಸಿನ ಹೆಸರು ಕಂಡು ತಮ್ಮನ್ನು ಸಾಮಾನಿನ ಪಟ್ಟಿಯಿಂದ ಎತ್ತಿ ಮನುಷ್ಯರ ಪಟ್ಟಿಗೆ ಹಾಕಿದ್ದಾನೆ. ಈಗ ನೋಟಿಸು ಬಂದಿದೆ. ಹದಿನಾಲ್ಕನೇ ರೂಮಿನಲ್ಲಿ ದಾನಮ್ಮನ ಸಂಸಾರವಲ್ಲದೆ ಶಂಭಯ್ಯ ಹಿರೇಮಠ ಎಂಬ ಬೇರೊಬ್ಬರೂ ವಾಸವಿದ್ದಾರೆ. ಅವರು ಆಗಸ್ಟ್ ೨೧ರಂದು ಬೇಲಾಪುರದ ಆಫೀಸಿಗೆ ಖುದ್ದು ಬಂದು ಹೇಳಿಕೆ ಕೊಡಬೇಕು. ಅಲ್ಲಿಯವರೆಗೆ ಈ ರೂಮಿನ ಹಕ್ಕು ತಡೆಹಿಡಿಯಲಾಗಿದೆ. ಅಜ್ಜಿಗೆ ಎಪ್ಪತ್ತಾರು. “ಲಿಫ್ಟ್ ಇರೂ ಮನ್ಯಾಗ ಒಂದ ದಿನಾರೆ ಇದ್ದ ಸಾಯ್ತೀನಿ” ಎನ್ನುತ್ತಾಳೆ. ಚಾಳಿನ ಎಲ್ಲರ ಹೆಸರೂ ಪಟ್ಟಿಯಲ್ಲಿ ಬಂತು, ನಮ್ಮದೊಂದು ಬಿಟ್ಟು. ತಾವು ಬಂದು ‘ನಾನು ಅಲ್ಲಿರುವುದಿಲ್ಲ’ ಎಂದು ಒಂದು ಮಾತು ಹೇಳಿದರೆ ಕೆಲಸ ಮುಗಿಯಿತು.

ಹೆಸರಿನಲ್ಲೇ ಓಡಾಟವಿರುವ ತಮ್ಮ ಬಳಿ ಮೊಬೈಲ್ ಒಂದಿಲ್ಲ. ಆದ್ದರಿಂದ ಅಜ್ಜಿಯ ಟ್ರಂಕಿನಲ್ಲಿ ಸಿಕ್ಕ ತಮ್ಮ ಹಳೆಯ ಕಾರ್ಡಿನ ವಿಳಾಸಕ್ಕೆ, ಡೊಂಬಿವಲಿಯ ಮಧ್ವರಾಜರ ಹೋಟೆಲಿಗೆ, ಬರೆಯುತ್ತಿದ್ದೇನೆ.

ಕಟಕಟೆಯಲ್ಲಿ ನಿಂತ,
ದಾನೇಶ್ವರಿ


ಸೊಲ್ಲಾಪುರ
೨೦ ಜೂನ್ ೨೦೨೫

ಚಿರಂಜೀವಿ ದಾನಿಗೆ ಶಂಭಯ್ಯನ ಆಶೀರ್ವಾದ.

ನಿನ್ನ ಕಾಗದವನ್ನು ಮಧ್ವರಾಜರು ಇಲ್ಲಿಗೆ ಕಳಿಸಿಕೊಟ್ಟರು. ಎಪ್ಪತ್ತೊಂದು ವರ್ಷದಲ್ಲಿ ಯಾರೂ ನನ್ನನ್ನು ‘ಸುಸ್ಥಿತಿಯಲ್ಲಿದೆ’ ಎಂದು ಬರೆದುಕೊಟ್ಟಿರಲಿಲ್ಲ. ಫಾರ್ಮಿನ ನಕಲಿದ್ದರೆ ಇಟ್ಟುಕೋ.

ಆಫೀಸಿನವರನ್ನು ಬೈಯಬೇಡ. ಶಬ್ದವನ್ನು ಅವರೇನೂ ಕೆಡಿಸಿಲ್ಲ. ನಮ್ಮಲ್ಲಿಯೂ ಒಂದೇ ಕಡೆ ಕೂರದೆ ಊರೂರು ಸುತ್ತುವ ಸ್ವಾಮಿಗಳಿಗೆ ಚರಮೂರ್ತಿ ಎನ್ನುತ್ತಾರೆ. ನಿನ್ನ ಕಾನೂನಿನ ಪುಸ್ತಕದಲ್ಲಿ ಚರಾಸ್ತಿ ಎಂದರೆ ಮಂಚ, ಕುರ್ಚಿ. ಆದರೆ ಮಂಚವೊಂದು ತಾನಾಗಿ ಎದ್ದು ಹೋದದ್ದನ್ನು ನಾನು ಕಂಡಿಲ್ಲ. ಎತ್ತುವವರು ಬೇಕು. ಆ ಮಟ್ಟಿಗೆ ನಾನು ಮಂಚಕ್ಕಿಂತ ಮೇಲು, ನನ್ನ ಕಾಲ ಮೇಲೆ ನಾನು ಹೋಗುತ್ತೇನೆ.

ನಿಮ್ಮ ಅಜ್ಜ ಸೈದಪ್ಪ ನನ್ನನ್ನು ಮೊದಲು ಕರೆತಂದಾಗ ತುರ್ಭೆಯಲ್ಲಿ ಸ್ಟೇಷನ್ನೇ ಇರಲಿಲ್ಲ. ಕಲ್ಲಿನ ಖಡಿ ತುಂಬಿದ ಲಾರಿಯ ಮೇಲೆ ಇಬ್ಬರೂ ಕೂತು ಬಂದೆವು. ಬಂದು ಇಳಿದಾಗ ಇಬ್ಬರ ಮೈಯೂ ಬೆಳ್ಳಗೆ. ದಾನಮ್ಮ ಬಾಗಿಲಲ್ಲಿ ನಿಂತು, “ಇದರಾಗ ಅಯ್ಯಾರ ಯಾರು, ನಮ್ಮವರ ಯಾರು?” ಎಂದು ಕೇಳಿದ್ದಳು. ಅಂದಿನಿಂದ ಮುಂಬ್ರಾದಲ್ಲಿ ಎರಡು ಮನೆ, ಕಳವಾದಲ್ಲಿ ನಾಲ್ಕು, ಆಮೇಲೆ ನಿಮ್ಮ ಚಾಳು. ಶ್ರಾವಣ ಬಂತೆಂದರೆ ಲೋಕಲ್ ಗಾಡಿಯೇ ನನ್ನ ಮಠ.

ಆಗಸ್ಟಿನಲ್ಲಿ ಶ್ರಾವಣ. ಈ ಕಡೆಯ ಭಕ್ತರು ಬಿಡುವುದಿಲ್ಲ. ನೋಡೋಣ.

ಸದ್ಯ ಸೊಲ್ಲಾಪುರದವನಾದ,
ಶಂಭಯ್ಯ


ತುರ್ಭೆ
೨೮ ಜೂನ್ ೨೦೨೫

ಪೂಜ್ಯರೇ,

‘ನೋಡೋಣ’ ಎಂಬ ಶಬ್ದಕ್ಕೆ ಕಾನೂನಿನಲ್ಲಿ ಕವಡೆಯ ಬೆಲೆಯಿಲ್ಲ. ತಾವು ಬರಲು ಹಿಂಜರಿಯುತ್ತಿರುವುದು ಭಕ್ತರಿಂದಲ್ಲ, ಕೋಳಿಯಿಂದ. ಆದ್ದರಿಂದ ಕೋಳಿಯ ಪ್ರಕರಣವನ್ನು ಇಲ್ಲಿ ನಾನೇ ಮಂಡಿಸುತ್ತೇನೆ.

ಮೂರು ವರ್ಷದ ಹಿಂದಿನ ಶ್ರಾವಣ, ಎರಡನೇ ಸೋಮವಾರ. ಇಡೀ ಚಾಳು ನಮ್ಮ ರೂಮಿನ ಒಳಗೂ ಹೊರಗೂ ನೆರೆದಿತ್ತು. ತಾವು ಕಣ್ಣು ಮುಚ್ಚಿ ಕೂತಿದ್ದಿರಿ. ಆಗ ತಮ್ಮ ಜೋಳಿಗೆಯೊಳಗಿಂದ ಒಂದು ಕೋಳಿ ಕೂಗಿತು. ಒಂದು ಸಲವಲ್ಲ, ಏಳು ಸಲ. ಅಜ್ಜಿಯ ಹಳೆಯ ಡಬ್ಬಾ ಫೋನಿನಲ್ಲಿ ಅಲಾರಂ ಇಟ್ಟು ಜೋಳಿಗೆಯೊಳಗೆ ಸೇರಿಸಿದವಳು ನಾನು, ವಯಸ್ಸು ಹದಿನಾರು, ಬುದ್ಧಿ ಆರು. ಈರುಳ್ಳಿಯನ್ನೂ ಮುಟ್ಟದ ಜೋಳಿಗೆಯಿಂದ ಕೋಳಿ ಕೂಗಿದರೆ ಜನ ನಗದೆ ಇನ್ನೇನು ಮಾಡುತ್ತಾರೆ? ಅಪ್ಪ ನಕ್ಕ, ಅವ್ವ ದ್ರೌಪದಿ ಸೆರಗು ಬಾಯಿಗೆ ಒತ್ತಿಕೊಂಡಳು. ಅಜ್ಜಿ ಒಬ್ಬಳು ನಗಲಿಲ್ಲ. ಮರುದಿನ ಬೆಳಿಗ್ಗೆ ತಾವು ಹೊರಟುಹೋದಿರಿ. ಮತ್ತೆ ಬರಲಿಲ್ಲ.

ಆ ಮೇಲಿನ ಶ್ರಾವಣಗಳಲ್ಲಿ ಅಜ್ಜಿ ಸೋಮವಾರ ಸೋಮವಾರ ಒಂದು ತಟ್ಟೆ ಹೆಚ್ಚಿಗೆ ಇಟ್ಟು, ಮಧ್ಯಾಹ್ನದವರೆಗೆ ಕಾದು, ಎತ್ತುತ್ತಾಳೆ. ನನ್ನ ಕಡೆ ನೋಡುವುದೂ ಇಲ್ಲ. ನೋಡಿ ಬೈದಿದ್ದರೆ ಎಷ್ಟೋ ಆರಾಮ ಇತ್ತು.

ನನಗೆ ಅಕ್ಷರ ಕಲಿಸಿದವರು ತಾವು. ತಟ್ಟೆಯಲ್ಲಿ ವಿಭೂತಿ ಹರಡಿ, ನನ್ನ ಬೆರಳು ಹಿಡಿದು ‘ಅ’ ತಿದ್ದಿಸುತ್ತಿದ್ದಿರಿ. ಬರೆದದ್ದನ್ನೆಲ್ಲ ನಾನು ಉಫ್ ಎಂದು ಊದಿ ತಮ್ಮ ಗಡ್ಡಕ್ಕೆ ಹಾರಿಸುತ್ತಿದ್ದೆ. “ಹೋಗಲಿ, ಅಕ್ಷರ ಅಂದಮ್ಯಾಗ ಹಾರಬೇಕು” ಎನ್ನುತ್ತಿದ್ದಿರಿ. ಈಗ ನನ್ನ ಜೊತೆಯವರೆಲ್ಲ ಕನ್ನಡ ಕೇಳಿಸಿಕೊಂಡು ಹಿಂದಿಯಲ್ಲಿ ಉತ್ತರ ಕೊಡುವವರು. ಹೀಗೆ ಉದ್ದುದ್ದ ಕಾಗದ ಬರೆಯುವ ಕಾಯಿಲೆ ನನಗೊಬ್ಬಳಿಗೇ ಅಂಟಿದೆ. ಅಂಟಿಸಿದವರೇ ಓದಬೇಕು.

ಕೋಳಿಯ ಪರವಾಗಿಯೂ ಕ್ಷಮೆ ಬೇಡುತ್ತ,
ದಾನೇಶ್ವರಿ


ಕಲಬುರಗಿ
೮ ಜುಲೈ ೨೦೨೫

ದಾನಿಗೆ,

ಕೋಳಿಯ ಮೇಲೆ ನನಗೆ ಸಿಟ್ಟು? ಮರುದಿನ ತುರ್ಭೆಯಲ್ಲಿ ಗಾಡಿ ಹತ್ತಿದವನು ಠಾಣೆ ಬರುವವರೆಗೆ ಒಬ್ಬನೇ ನಕ್ಕಿದ್ದೇನೆ. ಎದುರಿಗೆ ಕೂತಿದ್ದ ಹೆಂಗಸು ಹೆದರಿ ಎದ್ದು ಬೇರೆ ಕಡೆ ಹೋದಳು. ಆ ಅಪರಾಧವನ್ನು ನಿನ್ನ ತಲೆಯಿಂದ ಇಳಿಸಿಬಿಡು.

ಬೇಲಾಪುರಕ್ಕೆ ಬರುವುದೇ ಕಷ್ಟ. ಕಲಬುರಗಿಯಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಕರೆಯುತ್ತಲೇ ಇದ್ದಾರೆ. ಇಲ್ಲಿಂದ ರಾಯಚೂರು, ಅಲ್ಲಿಂದ ಇನ್ನೆಲ್ಲಿಗೋ. ‘ನಾನು ತುರ್ಭೆಯಲ್ಲಿ ಇರುವುದಿಲ್ಲ’ ಎಂದು ಕಾಗದದ ಮೇಲೆ ಬರೆದು ಸಹಿ ಹಾಕಿ ಕಳಿಸಿದರೆ ನಡೆಯುವುದಿಲ್ಲವೇ? ಕೇಳಿ ತಿಳಿಸು. ದಾನಮ್ಮನಿಗೆ ರೂಮು ಸಿಗಲೇಬೇಕು. ನನ್ನಿಂದ ಆ ಮನೆಗೆ ಕೆಡುಕಾಗಬಾರದು.

ಇಲ್ಲಿ ಬಹಳ ಬಿಸಿಲು. ಇನ್ನು ಮುಗಿಸುತ್ತೇನೆ, ಕಸಾರಾ ಲೋಕಲ್ ಹೋದ ಸದ್ದಾಯಿತು. ಟಪಾಲು ಒಯ್ಯುವ ಹೊತ್ತು.

ಊರಿಂದ ಊರಿಗೆ ಹೊರಟಿರುವ,
ಶಂಭಯ್ಯ


ತುರ್ಭೆ
೧೯ ಜುಲೈ ೨೦೨೫

ಪೂಜ್ಯರೇ,

ಸಹಿಯ ಕಾಗದ ನಡೆಯುವುದಿಲ್ಲ. ಕೇಳಿದೆ. ‘ಖುದ್ದು’ ಎಂದರೆ ಖುದ್ದು, ಎಂದು ಅಲ್ಲಿನ ಗುಮಾಸ್ತ ಮನೀಶ ಎಂಬುವನು ಸ್ಪಷ್ಟವಾಗಿ ಹೇಳಿದ.

ಈಗ ಎರಡು ಸಾಕ್ಷ್ಯಗಳನ್ನು ತಮ್ಮ ಮುಂದಿಡುತ್ತೇನೆ. ಒಂದು: ತಾವು ಸೊಲ್ಲಾಪುರದಿಂದ ಬರೆದ ಕಾಗದದ ಮೇಲೆ ಡೊಂಬಿವಲಿಯ ಟಪಾಲು ಮುದ್ರೆಯಿದೆ. ಕಲಬುರಗಿಯಿಂದ ಬರೆದದ್ದರ ಮೇಲೂ ಅದೇ ಮುದ್ರೆ. ಎರಡು: ಕಸಾರಾ ಲೋಕಲ್ ನನಗೆ ತಿಳಿದ ಮಟ್ಟಿಗೆ ಕಲಬುರಗಿಯ ಮೇಲೆ ಹಾಯುವುದಿಲ್ಲ. ಹಾದರೆ ಅಪ್ಪ ಟೆಂಪೋ ಮಾರಿ ಪಾಸು ತೆಗೆಸಿಕೊಳ್ಳುತ್ತಾನೆ.

ತಾವು ಡೊಂಬಿವಲಿಯಲ್ಲಿದ್ದೀರಿ. ಇಲ್ಲಿಂದ ಒಂದು ತಾಸಿನ ದಾರಿ. ಹತ್ತಿರವೇ ಇದ್ದುಕೊಂಡು ದೂರದ ಊರುಗಳ ಹೆಸರು ಹಾಕಿ ಬರೆಯುತ್ತಿದ್ದೀರಿ ಎಂದರೆ ತಮಗೆ ನಮ್ಮ ಮನೆ ಬೇಡವಾಗಿದೆ. ನನ್ನ ಸಲುವಾಗಿ ಬೇಡವಾಗಿದ್ದರೆ ನಾನು ಶ್ರಾವಣವಿಡೀ ಕಾಲೇಜಿನಲ್ಲೇ ಬಿದ್ದಿರುತ್ತೇನೆ, ಮುಖ ತೋರಿಸುವುದಿಲ್ಲ. ಅಜ್ಜಿಯ ಸಲುವಾಗಿ ಬನ್ನಿ. ಅಜ್ಜಿಗೆ ಈ ಮುದ್ರೆಯ ವಿಷಯ ಹೇಳಿಲ್ಲ. “ಕಲಬುರಗ್ಯಾಗ ಅದಾರಂತ” ಎಂದೆ. “ಅಡ್ಡಾಡಲಿ. ಕಾಲು ಗಟ್ಟಿ ಇದ್ದಾಗ ಅಡ್ಡಾಡಬೇಕು” ಎಂದಳು.

ಉತ್ತರ ಬರದಿದ್ದರೆ ನಾನೇ ಡೊಂಬಿವಲಿಗೆ ಬಂದು ತಮ್ಮನ್ನು ಜಪ್ತಿ ಮಾಡುತ್ತೇನೆ.

ದಾನೇಶ್ವರಿ


೨೪ ಜುಲೈ

ದಾನಿ, ಬರಬೇಡ. ನಿನ್ನ ಮೇಲೂ ಯಾರ ಮೇಲೂ ಸಿಟ್ಟಿಲ್ಲ. ಆದರೆ ಬರಬೇಡ.

ಶಂಭಯ್ಯ


ತುರ್ಭೆ
೪ ಆಗಸ್ಟ್ ೨೦೨೫, ಶ್ರಾವಣ ಸೋಮವಾರ

ಪೂಜ್ಯ ಅಯ್ಯನವರೇ,

ತಮ್ಮ ಅಪ್ಪಣೆಯಂತೆ ನಾನು ಬರಲಿಲ್ಲ.

ಮೊನ್ನೆ ಶನಿವಾರ ಠಾಣೆಯಲ್ಲಿ ಗಾಡಿ ಬದಲಿಸಿ ಡೊಂಬಿವಲಿಯಲ್ಲಿ ಇಳಿಯಲಿಲ್ಲ. ಮಧ್ವರಾಜರ ಹೋಟೆಲು ಎಲ್ಲಿ ಎಂದು ಮೂವರನ್ನು ಕೇಳಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಕೂತಿದ್ದ ಅವರ ಹೆಂಡತಿ ರಮಾಮಣಿಯಮ್ಮ ನನ್ನ ಹೆಸರು ಕೇಳಿ, “ಓ, ಕಾಗದ ಬರಿಯುವ ಹುಡುಗಿ ನೀನಾ ಮಾರಾಯ್ತಿ!” ಎನ್ನಲಿಲ್ಲ, ಕಾಫಿ ಕೊಡಲಿಲ್ಲ, ಕಾಸು ಬೇಡವೆನ್ನಲಿಲ್ಲ.

ಅವರು ಬೇರೆ ಯಾವ ಮಾತನ್ನೂ ಹೇಳಲಿಲ್ಲ. “ಮೂರು ವರ್ಷ ಆಯ್ತು. ಬ್ರಿಜ್ಜಿನ ಮೆಟ್ಲಲ್ಲಿ ಜಾರಿ ಬಿದ್ದದ್ದು. ಸೊಂಟದ ಎಲುಬು. ಯಾರಿಗೂ ಹೇಳ್ಬಾರ್ದು ಅಂತ ನಮ್ಮ ಹತ್ರ ಆಣೆ ಹಾಕಿಸಿದ್ದಾರೆ, ಹಾಗಾಗಿ ನಾನು ಹೇಳುದಿಲ್ಲ” ಎಂಬುದನ್ನಂತೂ ಖಂಡಿತ ಹೇಳಲಿಲ್ಲ.

ಅಡುಗೆಮನೆಯ ಹಿಂದೆ ಅಟ್ಟಕ್ಕೆ ಹೋಗುವ ಮರದ ಮೆಟ್ಟಿಲಿದೆ ಎಂದು ನನಗೆ ತಿಳಿದಿಲ್ಲ. ಮೆಟ್ಟಿಲು ಹದಿಮೂರು ಎಂದೂ ತಿಳಿದಿಲ್ಲ. ಮಧ್ಯಾಹ್ನ ಮೂರಕ್ಕೆ, ಹೋಟೆಲು ಖಾಲಿಯಾದ ಹೊತ್ತಿಗೆ, ಬಿಳಿ ಗಡ್ಡದ ಹಿರಿಯರೊಬ್ಬರು ಮೊದಲು ಕೋಲನ್ನು ಕೆಳಗಿಟ್ಟು, ಆಮೇಲೆ ಕೂತುಕೊಂಡೇ ಒಂದೊಂದು ಮೆಟ್ಟಿಲು ಇಳಿದು, ಹದಿಮೂರನೆಯದರಲ್ಲಿ ಉಸಿರು ತಗೊಂಡು, ಮೊರ ಎಳೆದುಕೊಂಡು ಅಕ್ಕಿಯಲ್ಲಿ ಕಲ್ಲು ಆರಿಸಲು ಕೂತದ್ದನ್ನು ನಾನು ಕಿಟಕಿಯ ಸಂದಿಯಿಂದ ನೋಡಲಿಲ್ಲ. ನೋಡಿದ್ದರೆ ಮಾತಾಡಿಸುತ್ತಿದ್ದೆ. ಮಾತಾಡಿಸದೆ ಹಿಂದಿರುಗಿದ್ದೇ ನಾನು ಬರಲಿಲ್ಲವೆಂಬುದಕ್ಕೆ ಸಾಕ್ಷಿ.

ಆಮೇಲೆ ಮುಂಬ್ರಾ ದಾಟುವವರೆಗೆ ಗಾಡಿಯ ಬಾಗಿಲಲ್ಲಿ ನಿಂತು ನಾನು ಅಳಲೂ ಇಲ್ಲ. ಗಾಳಿ ಜೋರಿತ್ತು.

ಅಜ್ಜಿಗೆ ಏನೂ ಹೇಳಿಲ್ಲ. ನೋಡದಿದ್ದದ್ದನ್ನು ಏನೆಂದು ಹೇಳಲಿ?

ಇನ್ನು ಬೇರೆ ವಿಷಯ. ಅಪ್ಪನಿಗೆ ಆಗಸ್ಟ್ ೨೧ರಂದು ಘೋಡಬಂದರ್ ರಸ್ತೆಯ ಕಾಂಪ್ಲೆಕ್ಸಿನಿಂದ ಯಾರದೋ ಕಪಾಟನ್ನು ಬೇಲಾಪುರಕ್ಕೆ ಸಾಗಿಸುವ ಕೆಲಸ ಬಂದಿದೆ. ಡೊಂಬಿವಲಿ ದಾರಿಯಲ್ಲೇ ಸಿಗುತ್ತದೆ. ಸಿಗುವುದಿಲ್ಲ ಎಂದು ಭೂಗೋಳ ಹೇಳುತ್ತದೆ, ಆದರೆ ಅಪ್ಪ ಭೂಗೋಳ ಓದಿಲ್ಲ. ಟೆಂಪೋದಲ್ಲಿ ಮುಂದೆ ಮೂರು ಜನರ ಸೀಟಿದೆ. ಬೇಲಾಪುರದ ಆಫೀಸು ನೆಲಮಹಡಿಯಲ್ಲೇ ಇದೆ. ಬಾಗಿಲಿಗೆ ಒಂದೇ ಮೆಟ್ಟಿಲು. ಹೋಗಿ ಅಳೆದು ಬಂದಿದ್ದೇನೆ, ನನ್ನ ಗೇಣಿಗಿಂತ ಕಡಿಮೆ.

ಏನೂ ಕಾಣದ, ಏನೂ ಕೇಳದ,
ದಾನೇಶ್ವರಿ


ಡೊಂಬಿವಲಿ
೧೦ ಆಗಸ್ಟ್ ೨೦೨೫

ಬರದೇ ಇದ್ದ ದಾನಿಗೆ,

ಬರದೇ ಇದ್ದದ್ದು ಒಳ್ಳೆಯದಾಯಿತು. ಬಂದಿದ್ದರೆ ನಿನ್ನ ಮುಖ ನೋಡಬೇಕಾಗುತ್ತಿತ್ತು, ಅಳುವಾಗ ನಿನ್ನ ಮೂಗು ಸೈದಪ್ಪನ ಮೂಗಿನ ಹಾಗೆ ಕೆಂಪಾಗುತ್ತದೆ.

ಸುಳ್ಳು ಬರೆದೆ. ಮೂರು ವರ್ಷದಿಂದ ಈ ಅಟ್ಟದ ಮೇಲೆ ಇದ್ದೇನೆ. ಹಿಂದೆ ಗುರುವಾರಕ್ಕೊಮ್ಮೆ ಊಟಕ್ಕೆ ಬರುತ್ತಿದ್ದೆ, ಆ ಗುರುತಿನ ಮೇಲೆ ಮಧ್ವರಾಜರು ಆಸ್ಪತ್ರೆಯಿಂದ ಇಲ್ಲಿಗೇ ಕರೆತಂದರು. ಅವರು ಮಾಧ್ವರು, ನಾನು ಲಿಂಗವಂತ. ಹಣೆಯ ಮೇಲಿನದು ಅವರಿಗೆ ಉದ್ದ, ನನಗೆ ಅಡ್ಡ. ಒಂದು ದಿನವೂ ಅದರ ಮಾತು ಬಂದಿಲ್ಲ.

ಎಲುಬು ಮುರಿಯುವುದು ದೊಡ್ಡ ಮಾತಲ್ಲ. ಯಾರದಾದರೂ ಮುರಿಯುತ್ತದೆ. ಆದರೆ ನಾನು ಬರುತ್ತಿದ್ದೆ, ಹೋಗುತ್ತಿದ್ದೆ, ಅದಕ್ಕೆಂದೇ ಮನೆಮನೆಯವರು ನನ್ನನ್ನು ಜಂಗಮ ಎಂದು ಕರೆದು ಕಾಲಿಗೆ ನೀರು ಹಾಕುತ್ತಿದ್ದರು. ಆ ಕಾಲೇ ನಿಂತ ಮೇಲೆ ಏನೆಂದು ಹೇಳಿ ಬಾಗಿಲಿಗೆ ಬರಲಿ? ಬಂದರೂ ಎತ್ತಿ ಒಳಗೆ ಕೂರಿಸಬೇಕು. ಕಾಗದದ ಮೇಲೆ ಸೊಲ್ಲಾಪುರ, ಕಲಬುರಗಿ ಎಂದು ಬರೆದಾಗ ಅಷ್ಟು ದೂರ ಹೋಗಿ ಬಂದ ಸಮಾಧಾನವಾಗುತ್ತಿತ್ತು. ಮುಂದಿನದು ರಾಯಚೂರು ಎಂದು ಮನಸ್ಸಿನಲ್ಲೇ ಗಂಟು ಕಟ್ಟಿಟ್ಟಿದ್ದೆ. ನೀನು ಮುದ್ರೆ ನೋಡಿಬಿಟ್ಟೆ.

ನಿನ್ನ ಫಾರ್ಮಿನ ಬಗ್ಗೆ ಒಂದು ಮಾತು. ‘ಜಂಗಮ, ಒಂದು ನಗ’ ಎಂದು ಬರೆದೆಯಲ್ಲ. ಆಫೀಸಿನವರ ಭಾಷೆಯಲ್ಲಿ ನಗ ಎಂದರೆ ಪೀಸು, ನಿಜ. ಸಣ್ಣವನಿದ್ದಾಗ ನಮ್ಮ ತಂದೆ ಹಳೆಯ ನಿಘಂಟು ಬಾಯಿಪಾಠ ಮಾಡಿಸಿದ್ದರು. ಅದರಲ್ಲಿ ನಗ ಎಂದರೆ ಹೋಗದೇ ಇರುವುದು. ಮರ, ಬೆಟ್ಟ. ಜಂಗಮ ಎಂದರೆ ಹೋಗುವುದು, ನಗ ಎಂದರೆ ಹೋಗದ್ದು. ತಮಾಷೆಗೆ ಬರೆದ ಎರಡೇ ಶಬ್ದದಲ್ಲಿ ನನ್ನ ಇಡೀ ಸಮಾಚಾರ ಬರೆದಿದ್ದೀ. ಅದನ್ನು ಓದಿದ ದಿನ ನಾನು ಊಟ ಮಾಡಲಿಲ್ಲ. ಸಿಟ್ಟಿನಿಂದಲ್ಲ.

೨೧ಕ್ಕೆ ಗುರುನಾಥ ಬರಲಿ. ‘ಅಲ್ಲಿರುವುದಿಲ್ಲ’ ಎಂದು ಹೇಳಿ ದಾನಮ್ಮನ ರೂಮು ಬಿಡಿಸಿಕೊಡುತ್ತೇನೆ. ಮೆಟ್ಟಿಲು ಗೇಣಿಗಿಂತ ಕಡಿಮೆ ಎಂದೆಯಲ್ಲ, ನಿನ್ನ ಗೇಣು ಈಗ ಎಷ್ಟು ಬೆಳೆದಿದೆಯೋ ತಿಳಿಯದು.

ಅಟ್ಟದ ಮೇಲಿನ,
ಶಂಭಯ್ಯ


ತುರ್ಭೆ
೨೩ ಆಗಸ್ಟ್ ೨೦೨೫

ಪೂಜ್ಯ ಅಯ್ಯನವರೇ,

ಮೊನ್ನೆ ಬೇಲಾಪುರದಲ್ಲಿ ನಡೆದದ್ದರಲ್ಲಿ ಅರ್ಧ ಮಾತ್ರ ತಮಗೆ ಗೊತ್ತು. “ಕೆಲಸ ಆಯ್ತು” ಎಂದಷ್ಟೇ ಹೇಳಿ ಅಪ್ಪ ತಮ್ಮನ್ನು ಹಿಂದಕ್ಕೆ ಬಿಟ್ಟುಬಂದ. ಹಾಗೆ ಹೇಳೆಂದು ಅಜ್ಜಿಯೇ ಅಪ್ಪನಿಗೆ ಹೇಳಿದ್ದು. ಉಳಿದರ್ಧವನ್ನು ದಾಖಲೆಗಾಗಿ ಬರೆಯುತ್ತೇನೆ.

ಅವ್ವನೂ ನಾನೂ ಲೋಕಲ್ ಗಾಡಿಯಲ್ಲಿ ಮೊದಲೇ ಬಂದು ಕಾಯುತ್ತಿದ್ದೆವು. ತಾವು ಅಪ್ಪ, ಅಜ್ಜಿಯ ಜೊತೆ ಒಳಗೆ ಬಂದು, ಮಾತು ಕೊಟ್ಟಿದ್ದಂತೆ, “ತುರ್ಭ್ಯಾಗ ಇರೂದಿಲ್ಲರಿ” ಎಂದಿರಿ. ಮನೀಶ, “ಮಗ ಕುಠೇ ರಾಹತಾ, ಬಾಬಾ?” ಎಂದ. ಮತ್ತೆ ಎಲ್ಲಿರುತ್ತೀರಿ ಎಂದು. ಸಾದಾ ಪ್ರಶ್ನೆ. ತಾವು ಬಾಯಿ ತೆರೆದು, ಮುಚ್ಚಿ, ಕೋಲಿನ ಹಿಡಿಯನ್ನು ನೋಡುತ್ತ ಕೂತಿರಿ. ಅಪ್ಪ ಚಹಾದ ನೆಪ ಹೇಳಿ ತಮ್ಮನ್ನು ಹೊರಗೆ ಕರೆದುಕೊಂಡು ಹೋದ. ಅಲ್ಲಿಯವರೆಗೆ ತಮಗೆ ಗೊತ್ತು.

ಆಮೇಲೆ ಮನೀಶ ಹೇಳಿದ, ಬೇರೆ ವಿಳಾಸವಿಲ್ಲದೆ ಒಬ್ಬರ ಹೆಸರನ್ನು ಈ ವಿಳಾಸದಿಂದ ತೆಗೆಯಲು ಕಂಪ್ಯೂಟರು ಬಿಡುವುದಿಲ್ಲ. ಒಂದೋ ಇನ್ನೊಂದು ವಿಳಾಸದ ಕಾಗದ ಕೊಡಿ, ಇಲ್ಲವೇ ನಿಮ್ಮ ಸಂಸಾರದವರೇ ಎಂದು ಬರೆಸಿ. ಎರಡರಲ್ಲಿ ಯಾವುದಾದರೂ ರೂಮಿನ ತಡೆ ಹೋಗುತ್ತದೆ.

ವಿಳಾಸದ ಕಾಗದ ನನ್ನ ಚೀಲದಲ್ಲೇ ಇತ್ತು. ಮಧ್ವರಾಜರು ತಮ್ಮ ಹೋಟೆಲಿನ ಹೆಸರಿರುವ ಹಾಳೆಯಲ್ಲಿ ಬರೆದು ಕಳಿಸಿದ್ದರು. ತೆಗೆದೆ. ತಮ್ಮ ಅಟ್ಟದ ಕಾಗದವನ್ನು ಅಜ್ಜಿಗೆ ಮೊದಲೇ ಓದಿ ಹೇಳಿದ್ದೆ. ಅಜ್ಜಿ ಅದರ ಮೇಲೆ ಕೈಯಿಟ್ಟಳು.

“ಒಳಗ ಇಡು ಅದನ್ನ.”

“ಅಜ್ಜಿ, ಇದ ಕೊಟ್ಟರ ಮುಗೀತು.”

“ಮುಗಸಾಕ ಬಂದೇನಿ ಏನ ನಾ? ಮುಂಜಾನೆ ಟೆಂಪೋದಾಗ ಬಾಜೂಕ ಕುಂತಿದ್ರು. ಗಾಡಿ ಹಳ್ಳಾಗ ಇಳದಾಗೊಮ್ಮೆ ಹಲ್ಲು ಕಚ್ಚತಿದ್ರು. ನನ್ನ ಕಡೆ ನೋಡಿ ನಗತಿದ್ರು. ಮೂರು ವರ್ಷ, ದಾನಿ. ತಟ್ಟಿ ಇಟ್ಟು ಎತ್ತೇನಿ, ಇಟ್ಟು ಎತ್ತೇನಿ. ಬರಿ, ನಮ್ಮ ಮನ್ಯಾಗ ಇರತಾರ ಅಂತ ಬರಿ.”

“ನಾಲ್ಕ ಮಂದಿಗೇ ಸಾಲದ ರೂಮು ಅದು.”

“ನಾಲ್ಕ ಮಂದಿಗಿ ಸಾಲದ್ದು ಐದ ಮಂದಿಗೂ ಸಾಲೂದಿಲ್ಲ. ಅಷ್ಟ ಫರಕ.”

ಅವ್ವನ ಮುಖ ನೋಡಿದೆ. ಅವ್ವ ಅಜ್ಜಿಯ ಸೆರಗು ಸರಿಮಾಡಿದಳು.

ಮನೀಶ ಕಂಪ್ಯೂಟರಿನಲ್ಲಿ ಮುಂದಿನ ಖಾನೆ ತೆರೆದ. “ನಾತೇ ಕಾಯ್?” ಸಂಬಂಧ ಏನು? ಅಜ್ಜಿ ಎದೆ ಸೆಟೆಸಿ, “ನಮ್ಮ ಮನಿಯವರು” ಎಂದಳು. ಮನೆಯಲ್ಲಿರುವವರು ಎಂಬ ಅರ್ಥದಲ್ಲಿ. ಮನೀಶ ನನ್ನ ಕಡೆ ತಿರುಗಿ, “ಮ್ಹಣಜೆ?” ಎಂದ. ಹಾಗೆಂದರೆ ಏನು ಎಂದು.

ಅಯ್ಯನವರೇ, ನನ್ನ ಹತ್ತೊಂಬತ್ತು ವರ್ಷದ ಬಾಳಿನಲ್ಲಿ ಇಂಥ ಅವಕಾಶ ಹಿಂದೆ ಬಂದಿಲ್ಲ, ಮುಂದೆ ಬರುವುದಿಲ್ಲ. ‘ಮನಿಯವರು’ ಎಂದರೆ ಗಂಡ ಎಂದು ನಾನು ಗಂಭೀರವಾಗಿ ಅನುವಾದಿಸಿದ್ದರೆ ಸೈದಪ್ಪಜ್ಜ ಕೈಲಾಸದಿಂದ ಲಾರಿ ಹತ್ತಿ ಬರುತ್ತಿದ್ದ. ನಾಲಿಗೆಯ ತುದಿಯವರೆಗೆ ಬಂತು. ನುಂಗಿದೆ. “ಕುಟುಂಬಾಚೇ ಗುರು” ಎಂದೆ. ಗುರು ಎಂಬುದು ಅವರ ಪಟ್ಟಿಯಲ್ಲಿಲ್ಲ. ಅಪ್ಪ, ಅವ್ವ, ಅಣ್ಣ, ಅತ್ತೆ ಎಲ್ಲ ಇದ್ದಾರೆ. ಕೊನೆಗೆ ಒಂದು ‘ಇತರ’ ಇದೆ. ತಾವೀಗ ನಮ್ಮ ಸಂಸಾರದ ಇತರರು.

ಆದರೆ ತಮ್ಮನ್ನು ಕೇಳದೆ ಬರೆಸಿದ್ದೇವೆ. ಒಮ್ಮೆ ಕೇಳದೆ ಬರೆದ ತಪ್ಪು ನನ್ನ ತಲೆಯ ಮೇಲಿದೆ, ಎರಡನೆಯದು ಬೇಡ. ತಮಗೆ ಒಪ್ಪಿಗೆ ಇಲ್ಲದಿದ್ದರೆ ಹದಿನೈದು ದಿನದೊಳಗೆ ಮಧ್ವರಾಜರ ಕಾಗದ ಕೊಟ್ಟು ಹೆಸರು ತೆಗೆಸಬಹುದು. ರೂಮು ಹೇಗಿದ್ದರೂ ನಮಗೆ ಸಿಗುತ್ತದೆ, ಆ ಸಲುವಾಗಿ ತಾವು ಹೂಂ ಎನ್ನಬೇಕಾಗಿಲ್ಲ. ಚಾಳು ದೀಪಾವಳಿಯವರೆಗೆ ನಿಂತಿರುತ್ತದೆ. ಆಮೇಲೆ ಎಲ್ಲಿಗೆ ಸಾಗಿಸುತ್ತಾರೋ ಅಲ್ಲಿಗೆ ಎಲ್ಲರೂ. ಭಾನುವಾರ ೩೧ಕ್ಕೆ ಅಪ್ಪನ ಟೆಂಪೋ ಖಾಲಿಯಿದೆ.

ಇದರಲ್ಲಿ ತಮಾಷೆ ಯಾವುದೂ ಇಲ್ಲ.

ದಾನಿ


ಡೊಂಬಿವಲಿ
೨೮ ಆಗಸ್ಟ್ ೨೦೨೫

ದಾನಿಗೆ,

ನಿನ್ನ ಕಾಗದ ಮೊನ್ನೆ ಬಂತು. ಗಣೇಶನನ್ನು ತರುವ ಗದ್ದಲದಲ್ಲಿ ಟಪಾಲಿನವನು ಬಂದದ್ದೇ ಹೆಚ್ಚು.

ಎರಡು ಸಲ ನಾನೇ ಓದಿಕೊಂಡೆ. ಮೂರನೇ ಸಲ ಮಧ್ವರಾಜರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಬಹಳ ಹೊತ್ತು ಟೇಬಲ್ ಒರೆಸಿದರು, ಒರೆಸಿದ್ದನ್ನೇ ಒರೆಸಿದರು. “ಎಂತ ಅಯ್ಯನವರೇ, ಇಲ್ಲಿ ಎಂತ ಕಮ್ಮಿ ಆಯ್ತು ನಿಮಗೆ?” ಎಂದರು. ಏನೂ ಕಮ್ಮಿಯಾಗಿಲ್ಲ ಎಂದೆ. “ಹಾಗಾದ್ರೆ ಹೋಗ್ಬೇಡಿ” ಎಂದರು. ರಮಾಮಣಿಯಮ್ಮ ಒಳಗಿನಿಂದಲೇ, “ನೀವು ಸುಮ್ಮನಿರಿ ಮಾರಾಯ್ರೆ, ಅವರಿಗೆ ಹೋಗುವ ಮನಸ್ಸುಂಟು, ಮುಖ ನೋಡಿದ್ರೆ ಗೊತ್ತಾಗುದಿಲ್ವಾ?” ಎಂದರು. ನನಗೆ ನನ್ನ ಮುಖ ಕಾಣುತ್ತಿರಲಿಲ್ಲ.

ಒಂದು ಮನೆಯಲ್ಲಿ ಮೂರು ದಿನಕ್ಕಿಂತ ಹೆಚ್ಚು ನಿಲ್ಲಬೇಡ ಎಂದು ನಮ್ಮ ತಂದೆ ಹೇಳಿದ್ದರು. ಇಲ್ಲಿ ಮೂರು ವರ್ಷ ನಿಂತೆ. ಅದಕ್ಕೆ ಕಾಲು ಕಾರಣ ಎಂದುಕೊಂಡಿದ್ದೆ. ನಿನ್ನೆ ಯೋಚಿಸಿದೆ, ಕಾಲಿನಷ್ಟೇ ನಾಚಿಕೆಯೂ ಕಾರಣ. ಬೇಲಾಪುರದ ಆ ಹುಡುಗ ಎಲ್ಲಿರುತ್ತೀರಿ ಎಂದು ಕೇಳಿದಾಗ ಡೊಂಬಿವಲಿ ಎಂದು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ. ಮಧ್ವರಾಜರು ಇಟ್ಟುಕೊಂಡಿದ್ದಾರೆ, ನಾನು ಇರುತ್ತೇನೆ ಎಂದು ನನಗೆ ಎಂದೂ ಅನ್ನಿಸಿರಲಿಲ್ಲ. ದಾನಮ್ಮ ಹೊರಗಿನವರ ಮುಂದೆ, ನಾನಿಲ್ಲದಾಗ, ಇರತಾರ ಎಂದಳಲ್ಲ. ಆ ಶಬ್ದವನ್ನು ಯಾರೂ ನನ್ನ ಸಲುವಾಗಿ ಬಳಸಿದ್ದಿಲ್ಲ. ಬರತಾರ ಎನ್ನುತ್ತಿದ್ದರು, ಹೋದರು ಎನ್ನುತ್ತಿದ್ದರು.

ಡೊಂಬಿವಲಿಯಿಂದ ತುರ್ಭೆಗೆ ಬಂದರೆ ಅದೂ ಒಂದು ಹೋಗುವುದೇ ಅಲ್ಲವೇ? ನನ್ನ ಮನಸ್ಸಿಗೆ ಹಾಗೆ ಹೇಳಿದ್ದೇನೆ. ಒಪ್ಪಿದೆ. ಹೆಸರು ತೆಗೆಸಬೇಡ.

ಮೊದಲಿನ ಹಾಗೆ ಗುರುವಾರಕ್ಕೊಮ್ಮೆ ಇಲ್ಲಿಗೆ ಊಟಕ್ಕೆ ಬರಬೇಕು ಎಂದು ರಮಾಮಣಿಯಮ್ಮ ಮಾತು ತೆಗೆದುಕೊಂಡಿದ್ದಾರೆ. ಹೇಗೆ ಬರುವುದು ಎಂದು ಇಬ್ಬರೂ ವಿಚಾರ ಮಾಡಲಿಲ್ಲ.

ಭಾನುವಾರ ಗುರುನಾಥ ಬರಲಿ. ಈ ಸಲ ಮುಂದಿನ ಸೀಟು ಬೇಡ. ಮುಂದೆ ಕೂತರೆ ಬರುವ ರಸ್ತೆ ಮಾತ್ರ ಕಾಣುತ್ತದೆ. ಹಿಂದೆ ತೊಟ್ಟಿಯಲ್ಲಿ ಒಂದು ಗೋಣಿ ಹಾಸಿದರೆ ಸಾಕು, ಮುಂಬ್ರಾದ ಗುಡ್ಡ ಬಹಳ ಹೊತ್ತು ಕಾಣುತ್ತದೆ. ಸಾಮಾನು ಕಟ್ಟುವ ಹಗ್ಗ ತರುವುದು ಬೇಡ ಎಂದು ಅವನಿಗೆ ಹೇಳು. ನಾನೇ ಹಿಡಿದುಕೊಂಡು ಕೂರುತ್ತೇನೆ.

ಶಂಭಯ್ಯ